ಕಾರಿನ ತಲೆಗೊಂದು ಸಿಂಬೆ

ನಮ್ಮ ಮನೆಯ ಹಿತ್ತಿಲಲ್ಲಿ, ತೆಂಗಿನ ಗರಿಗಳ ರಾಶಿಗೂ ಹಳೆಯ ಸೈಕಲ್ಲಿಗೂ ನಡುವೆ, ಗೋಡೆಗೆ ಒರಗಿಸಿಟ್ಟ ಒಂದು ಕಪ್ಪು ಕಬ್ಬಿಣದ ಚೌಕಟ್ಟಿದೆ. ಬಂದ ನೆಂಟರು ಅದನ್ನು ಮುರಿದ ಮಂಚವೆಂದು ತಿಳಿಯುತ್ತಾರೆ. ಗುಜರಿಯವನಂತೂ ಎರಡು ಸಲ ಬೆಲೆ ಕೇಳಿ ಹೋಗಿದ್ದಾನೆ. ಅದು ಮಂಚವೂ ಅಲ್ಲ, ಗುಜರಿಯೂ ಅಲ್ಲ. ನಮ್ಮ ಗಾಡಿಯ ತಲೆಯ ಮೇಲೆ ಕೂರುವ ಕ್ಯಾರಿಯರ್. ನಾನೂ ನನ್ನ ಮೊಮ್ಮಗಳೂ ಸೇರಿ ಮಾಡಿದ್ದು. ಹತ್ತಿರ ಹೋಗಿ ನೋಡಿದರೆ ಅದರ ಆರು ನಟ್ಟುಗಳ ಮೇಲೂ ಕೆಂಪು ಉಗುರುಬಣ್ಣದ ಒಂದೊಂದು ಗೀಟು ಕಾಣಿಸುತ್ತದೆ. ‘ಇದೇನು ಸಾರ್, ನಟ್ಟಿಗೆ ಅಲಂಕಾರ?’ ಎಂದು ಕೇಳಿದವರಿಗೆ ನಾನು ಇಷ್ಟು ದಿನ ನಕ್ಕು ಸುಮ್ಮನಾಗುತ್ತಿದ್ದೆ. ಆ ಗೀಟುಗಳ ಕಥೆ ಹೇಳಿದರೆ ನನ್ನ ಮರ್ಯಾದೆ ಒಂದಿಷ್ಟು ಕಡಿಮೆಯಾಗುತ್ತದೆ. ಆದರೂ ಹೇಳಿಬಿಡುತ್ತೇನೆ, ನನ್ನ ವಯಸ್ಸಿನವರಿಗೂ ನನ್ನ ಮೊಮ್ಮಗಳ ವಯಸ್ಸಿನವರಿಗೂ ಅದರಿಂದ ಪ್ರಯೋಜನವಾದೀತು.

ನಾನು 1975ರಲ್ಲಿ ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದವನು. 38 ವರ್ಷ ಅದೇ ಕೆಲಸ. ಕೈಯಲ್ಲಿ ಹಿಡಿದ ಆಯುಧವೆಂದರೆ ಪೆನ್ನು, ಗೀಟುಕೋಲು, ರಬ್ಬರ್ ಸ್ಟಾಂಪು. ಸ್ಪ್ಯಾನರ್ ಹಿಡಿದದ್ದು ನಿವೃತ್ತನಾದ ಮೇಲೆ, ಅದೂ ಎಪ್ಪತ್ತು ದಾಟಿದ ಮೇಲೆ. ಹಿಡಿಸಿದವಳು ಏಳನೆಯ ತರಗತಿಯ ನನ್ನ ಮೊಮ್ಮಗಳು.

ಆದದ್ದು ಇಷ್ಟು. ನಾನು ಸಕಲೇಶಪುರದ ಶಾಖೆಯಲ್ಲಿದ್ದಾಗ ಪರಿಚಯವಾದ ಕಾಫಿ ಬೆಳೆಗಾರರೊಬ್ಬರು ಹಾಸನದ ನಮ್ಮ ಮನೆಗೆ ಬಂದಿದ್ದರು. ‘ನಮ್ಮ ತೋಟದ ಮೇಲೊಂದು ಹುಲ್ಲುಗುಡ್ಡ ಇದೆ. ದಸರಾ ರಜೆಗೆ ಮಕ್ಕಳನ್ನ ಕರ್ಕೊಂಡು ಬನ್ನಿ, ಟೆಂಟ್ ಹಾಕಿ ರಾತ್ರಿ ಇರಿ’ ಎಂದರು. ಕಾಡಿನೊಳಗೆ ಯಾರಿಗೂ ಹೇಳದೆ ಹೋಗಿ ಡೇರೆ ಹೂಡುವುದು ತಪ್ಪು. ಇದು ಅವರದೇ ಜಾಗ, ಅವರೇ ಕರೆದದ್ದು. ಮೊಮ್ಮಗಳು ಅಂದಿನಿಂದ ನೆಲದ ಮೇಲೆ ನಡೆಯಲೇ ಇಲ್ಲ. ಮಗ ಟೆಂಟ್ ತಂದ. ಸೊಸೆ ಸಾಮಾನಿನ ಪಟ್ಟಿ ಬರೆದಳು. ಟೆಂಟು, ಟಾರ್ಪಾಲು, ಚಾಪೆಗಳು, ಮಡಚುವ ಕುರ್ಚಿ, ನೀರಿನ ಕ್ಯಾನು, ಒಲೆ, ಅಕ್ಕಿ, ಬೇಳೆ, ಪಾತ್ರೆ, ಟಾರ್ಚು, ಹಾರೆ, ಹಗ್ಗ. ಮಗನ ಬಳಿಯಿದ್ದದ್ದು ಸೆಕೆಂಡ್ ಹ್ಯಾಂಡ್ ಬೊಲೆರೊ. ಕಲ್ಲುದಾರಿಗೆ ಹೇಳಿ ಮಾಡಿಸಿದ ಗಾಡಿಯೇನೋ ಸರಿ, ಆದರೆ ಐದು ಜನ ಕೂತ ಮೇಲೆ ಈ ಸಂಸಾರವೆಲ್ಲ ಹಿಡಿಯುವಂತಿರಲಿಲ್ಲ.

‘ಅಜ್ಜಿಯನ್ನ ಮನೇಲಿ ಬಿಟ್ರೆ ಜಾಗ ಆಗುತ್ತೆ’ ಎಂದು ನಾನು ತಮಾಷೆ ಮಾಡಿದೆ.

‘ತಾತನ್ನ ಟಾಪ್ ಮೇಲೆ ಕಟ್ಟಿದ್ರೂ ಆಗುತ್ತೆ’ ಎಂದಳು ನನ್ನ ಹೆಂಡತಿ.

ಟಾಪ್ ಎಂಬ ಮಾತು ಬಂದದ್ದೇ ನನಗೆ ಬಾಲ್ಯದ ಬಸ್ಸುಗಳು ಕಣ್ಣಮುಂದೆ ಬಂದವು. ಆಗ ಬಸ್ಸಿನ ಹಿಂದೆ ಕಬ್ಬಿಣದ ಏಣಿ ಇರುತ್ತಿತ್ತು. ಕ್ಲೀನರ್ ಹುಡುಗ ಕೋತಿಯಂತೆ ಹತ್ತಿ, ಹಲಸಿನಹಣ್ಣು, ಬಾಳೆಗೊನೆ, ಮದುವೆ ಮನೆಯ ಟ್ರಂಕು, ಸೈಕಲ್ಲು ಎಲ್ಲವನ್ನೂ ಒಂದೇ ಹಗ್ಗದಲ್ಲಿ ಬಿಗಿದು ಜೀರುಗುಣಿಕೆ ಹಾಕುತ್ತಿದ್ದ. ಬೇಕಾದ ಊರಿನಲ್ಲಿ ಹಗ್ಗದ ತುದಿ ಒಮ್ಮೆ ಎಳೆದರೆ ಸಾಕು, ಗಂಟು ತಾನೇ ಬಿಚ್ಚಿಕೊಳ್ಳುತ್ತಿತ್ತು. ನಮ್ಮ ಗಾಡಿಗೂ ಅಂಥದೊಂದು ಟಾಪ್ ಬೇಕು ಎಂದು ತೀರ್ಮಾನವಾಯಿತು. ಅಂಗಡಿಯಲ್ಲಿ ಸಿದ್ಧ ಕ್ಯಾರಿಯರಿನ ಬೆಲೆ ಕೇಳಿದೆ. ಪಿಂಚಣಿದಾರನ ಕಿವಿಗೆ ಅದು ಹಿತವಾಗಿರಲಿಲ್ಲ. ‘ನಾವೇ ಮಾಡೋಣ ತಾತ’ ಎಂದಳು ಮೊಮ್ಮಗಳು.

ಮೊದಲ ದಿನ ಒಂದು ನೋಟುಪುಸ್ತಕ ತೆರೆದೆವು. ಬ್ಯಾಂಕಿನವನ ಮನೆಯಲ್ಲಿ ಕೆಲಸ ಶುರುವಾಗುವುದೇ ಗೀಟು ಹಾಕುವುದರಿಂದ. ನಾಲ್ಕು ಅಂಕಣ ಹಾಕಿಕೊಟ್ಟೆ: ದಿನಾಂಕ, ಕೆಲಸದ ವಿವರ, ಮಾಡಿದವರು, ನೋಡಿದವರು. ‘ಕೊನೇದು ಯಾಕೆ ತಾತ?’ ಎಂದಳು. ಬ್ಯಾಂಕಿನ ಮೊದಲ ಪಾಠವನ್ನು ಹೇಳಿಕೊಟ್ಟೆ. ‘ಬರೆದವನೇ ಪರಿಶೀಲಿಸಬಾರದು ಪುಟ್ಟಿ. ನಾನು ಬರೆದದ್ದನ್ನ ಇನ್ನೊಬ್ಬರು ನೋಡಿ ಸಹಿ ಹಾಕಬೇಕು. ನಗದು ಇಡೋ ಕೋಣೆಗೆ ಎರಡು ಬೀಗದಕೈ. ಹೆಡ್ ಕ್ಯಾಷಿಯರ್ ಆಗಿದ್ದಾಗ ಒಂದು ನನ್ನ ಹತ್ತಿರ, ಇನ್ನೊಂದು ಆಫೀಸರ ಹತ್ತಿರ. ಒಬ್ಬರಿಂದಲೇ ಬಾಗಿಲು ತೆಗೆಯೋಕ್ಕಾಗಲ್ಲ. ನನ್ನ ಮೇಲೆ ಅನುಮಾನ ಅಂತಲ್ಲ. ಮನುಷ್ಯ ಅಂದಮೇಲೆ ಮರೆಯೋದು ಇದ್ದೇ ಇದೆ.’ ಅವಳು ಬಹಳ ಗಂಭೀರವಾಗಿ ತಲೆಯಾಡಿಸಿ, ಅಂಕಣದ ತಲೆಬರಹಗಳ ಕೆಳಗೆ ಎರಡೆರಡು ಗೀಟು ಎಳೆದಳು.

ಗಾಡಿಯ ಛಾವಣಿಯನ್ನು ತೂತು ಮಾಡಬಾರದು, ಅದಕ್ಕೆ ಏನನ್ನೂ ಬೆಸೆಯಬಾರದು ಎಂಬುದು ಮಗನ ಕಟ್ಟಪ್ಪಣೆ. ಅವನು ಪಾಲಿಟೆಕ್ನಿಕ್‌ನಲ್ಲಿ ಓದಿದವನು. ತೂತು ಮಾಡಿದರೆ ಮಳೆನೀರು ಇಳಿಯುತ್ತದೆ, ತುಕ್ಕು ಹಿಡಿಯುತ್ತದೆ. ಮೇಲಾಗಿ 1988ರ ಮೋಟಾರು ವಾಹನ ಕಾಯ್ದೆ, ಗಾಡಿಯ ಮೂಲ ವಿವರಗಳು ಬದಲಾಗುವಂತೆ ಅದನ್ನು ಮಾರ್ಪಡಿಸಲು ಬಿಡುವುದಿಲ್ಲ. ನೀವು ಇಂಥದ್ದು ಮಾಡುವುದಿದ್ದರೆ ಮೊದಲು ನಿಮ್ಮೂರಿನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ನಾವು ಕಚ್ಚಿ ಹಿಡಿದು ಕೂರುವ, ಕೆಲಸ ಮುಗಿದ ಮೇಲೆ ಬಿಚ್ಚಿ ಹಿತ್ತಿಲಲ್ಲಿ ಇಡುವಂಥ ಕ್ಯಾರಿಯರ್ ಮಾಡುವುದೆಂದು ಹೊರಟೆವು.

ಕಚ್ಚುವುದಕ್ಕೆ ಒಂದು ಜಾಗ ಬೇಕಲ್ಲ! ಹಳೆಯ ಮಾದರಿಯ ಗಾಡಿಗಳಲ್ಲಿ ಬಾಗಿಲಿನ ಮೇಲೆ, ಛಾವಣಿಯ ಅಂಚಿನುದ್ದಕ್ಕೂ ಪುಟ್ಟ ಕಾಲುವೆಯಂಥ ಮಡಿಕೆ ಇರುತ್ತದೆ. ಮಳೆನೀರು ಬಾಗಿಲೊಳಗೆ ಸುರಿಯದೆ ಅದರಲ್ಲಿ ಹರಿದು ಹೋಗುತ್ತದೆ. ಅದಕ್ಕೆ ಗಟ್ಟರ್ ಎನ್ನುತ್ತಾರೆ. ಅಂಬಾಸಡರ್ ಕಾರಿನ ಮೇಲೆ ಹಾಸಿಗೆ ಸುರುಳಿ ಕಟ್ಟಿಕೊಂಡು ತಿರುಪತಿಗೆ ಹೋದವರು ಅದನ್ನು ನೋಡಿರುತ್ತಾರೆ. ಅದರ ಕ್ಯಾರಿಯರ್ ಕೂತಿರುತ್ತಿದ್ದದ್ದು ಈ ಗಟ್ಟರಿನ ಮೇಲೆಯೇ. ಛಾವಣಿಯ ತಗಡು ತೆಳು, ಬೆರಳಲ್ಲಿ ಒತ್ತಿದರೆ ತಗ್ಗುತ್ತದೆ. ಭಾರವನ್ನು ಅದರ ಮೇಲೆ ಬಿಡದೆ ಎರಡು ಅಂಚುಗಳಿಗೆ ಹಂಚಬೇಕು. ಬಾಗಿಲುಗಳ ನಡುವಿನ ಕಂಬಗಳ ನೇರಕ್ಕೆ ಕ್ಯಾರಿಯರಿನ ಕಾಲು ಬಂದರೆ ಇನ್ನೂ ಒಳ್ಳೆಯದು.

ಇದನ್ನು ಮೊಮ್ಮಗಳಿಗೆ ವಿವರಿಸಲು ನನಗೆ ನನ್ನ ಅಮ್ಮ ನೆನಪಾದಳು. ಅಮ್ಮ ಊರಬಾವಿಯಿಂದ ತಾಮ್ರದ ಕೊಡದಲ್ಲಿ ನೀರು ತರುತ್ತಿದ್ದಳು. ಹಳೆಯ ಸೀರೆಯ ತುಂಡನ್ನು ಹುರಿ ಮಾಡಿ, ಬಳೆಯಂತೆ ಸುತ್ತಿ ತಲೆಯ ಮೇಲೆ ಇಟ್ಟುಕೊಳ್ಳುವಳು. ಅದೇ ಸಿಂಬೆ. ಅದರ ಮೇಲೆ ಕೊಡ. ತಲೆಗೆ ನೋವಿಲ್ಲ, ಗುಂಡು ತಳದ ಕೊಡ ಉರುಳುವುದೂ ಇಲ್ಲ. ‘ಭಾರ ಹೊರೋದು ತಲೆ, ಭಾರ ಆಗೋದು ಕೊಡ. ಎರಡಕ್ಕೂ ಜಗಳ ಆಗದ ಹಾಗೆ ನಡುವೆ ಕೂತು ನೋಡಿಕೊಳ್ಳೋದು ಸಿಂಬೆ. ನಾವು ಗಾಡಿಯ ತಲೆಗೆ ಸಿಂಬೆ ಮಾಡಬೇಕು’ ಎಂದೆ.

‘ಅಂದ್ರೆ ದೊಡ್ಡ ವಾಷರ್ರು!’ ಎಂದಳು. ನನ್ನ ಅರ್ಧ ಗಂಟೆಯ ಉಪನ್ಯಾಸ ಒಂದೇ ಪದದಲ್ಲಿ ಮುಗಿಯಿತು.

ಆಮೇಲೆ ಅಳತೆ. ರಟ್ಟಿನ ಪೆಟ್ಟಿಗೆ ಕತ್ತರಿಸಿ ಗಟ್ಟರಿನ ಆಕಾರಕ್ಕೆ ಸರಿಯಾಗಿ ಹಿಡಿತದ ಅಚ್ಚು ಮಾಡಿದೆವು. ಮೇಲಿನ ತುಟಿ ಕಾಲುವೆಯೊಳಗೆ ಕೂರಬೇಕು, ಕೆಳಗಿನ ಕೊಕ್ಕೆ ಅಂಚನ್ನು ಅಡಿಯಿಂದ ಹಿಡಿಯಬೇಕು, ನಡುವಿನ ಬೋಲ್ಟು ಎರಡನ್ನೂ ಹತ್ತಿರಕ್ಕೆ ಎಳೆದು ಬಿಗಿಯಬೇಕು. ನೋಡಲು ನಮ್ಮ ಎರಡು ದವಡೆಯ ಹಾಗೆ. ಮೊದಲ ಅಚ್ಚು ಚೆನ್ನಾಗಿಯೇ ಕೂತಿತು, ಬಾಗಿಲು ಮಾತ್ರ ತೆರೆಯಲಿಲ್ಲ! ಕೊಕ್ಕೆ ಬಾಗಿಲಿನ ನೆತ್ತಿಗೆ ತಗಲುತ್ತಿತ್ತು. ಅರ್ಧ ಇಂಚು ಕಡಿಮೆ ಮಾಡಿದೆವು. ರಟ್ಟಿನಲ್ಲಿ ತಪ್ಪಿದರೆ ಕತ್ತರಿಯ ಕೆಲಸ, ಕಬ್ಬಿಣದಲ್ಲಿ ತಪ್ಪಿದರೆ ದುಡ್ಡಿನ ಕೆಲಸ. ಮಕ್ಕಳು ಇದೊಂದನ್ನು ನೆನಪಿಟ್ಟುಕೊಂಡರೆ ಯಾವ ಕೆಲಸಕ್ಕೂ ಆದೀತು.

ಕ್ಯಾರಿಯರಿನ ಅಗಲ 4 ಅಡಿ, ಉದ್ದ 5 ಅಡಿ. ಉದ್ದದ ಪೈಪು ಎರಡು, ಅಡ್ಡ ಪೈಪು ಐದು, ಒಟ್ಟು 30 ಅಡಿ. ಆರು ಕಾಲುಗಳಿಗೆ ಇನ್ನೊಂದು 4 ಅಡಿ. ಪೈಪು ಬರುವುದು 20 ಅಡಿಯ ಉದ್ದದಲ್ಲಿ, ಆದ್ದರಿಂದ ಎರಡು ಬೇಕಾದವು. ಒಂದು ಇಂಚಿನ ಚೌಕ ಪೈಪು, ಗೋಡೆಯ ದಪ್ಪ 1.6 ಮಿಲಿಮೀಟರ್, ಅಂಥದ್ದು ಮೀಟರಿಗೆ ಸುಮಾರು 1.2 ಕೆಜಿ ತೂಗುತ್ತದೆ.

ವೆಲ್ಡಿಂಗ್ ಅಂಗಡಿಯ ಭಾಯಿ ನಮ್ಮ ರಟ್ಟಿನ ಅಚ್ಚನ್ನು ತಿರುಗಿಸಿ ಮುರುಗಿಸಿ ನೋಡಿದರು. ‘ಬ್ಯಾಂಕ್ ಸಾರ್, ಎಲ್ಲರೂ ಬಂದು ಕೈ ಅಗಲಿಸಿ ‘ಇಷ್ಟುದ್ದ’ ಅಂತಾರೆ. ನೀವೊಬ್ಬರೇ ಅಚ್ಚು ತಂದಿದ್ದು’ ಎಂದರು. ‘ಅಚ್ಚು ಇವಳದು’ ಎಂದೆ. ಭಾಯಿ ಅವಳಿಗೆ ಒಂದು ಸಣ್ಣ ಸಲಾಮು ಮಾಡಿ, ಕಿಡಿ ಹಾರುವಾಗ ಈ ಕಡೆ ನೋಡಬಾರದು ಎಂದು ಇಬ್ಬರನ್ನೂ ಗೋಡೆ ಕಡೆಗೆ ತಿರುಗಿಸಿ ನಿಲ್ಲಿಸಿದರು. ವೆಲ್ಡಿಂಗಿನ ಬೆಳಕಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳಿರುತ್ತವೆ. ಬರಿಗಣ್ಣಲ್ಲಿ ನೋಡಿದರೆ ರಾತ್ರಿ ಕಣ್ಣಿಗೆ ಮರಳು ಬಿದ್ದ ಹಾಗೆ ಉರಿಯುತ್ತದೆ. ಎಪ್ಪತ್ತು ದಾಟಿದ ನಾನೂ ಹನ್ನೆರಡರ ಅವಳೂ ತಪ್ಪು ಮಾಡಿದ ಮಕ್ಕಳಂತೆ ಗೋಡೆ ನೋಡುತ್ತ ನಿಂತೆವು.

ಮನೆಗೆ ತಂದು ಉಜ್ಜುಕಾಗದದಿಂದ ತಿಕ್ಕಿ, ರೆಡ್ ಆಕ್ಸೈಡ್ ಬಳಿದು, ಒಣಗಿಸಿ, ಮೇಲೆ ಕಪ್ಪು ಬಣ್ಣ ಹಚ್ಚಿದೆವು. ಗಟ್ಟರಿಗೆ ಗೀರು ಬೀಳದಿರಲೆಂದು ಹಿಡಿತದ ನಡುವೆ ಹಳೆಯ ಸೈಕಲ್ ಟ್ಯೂಬನ್ನು ಮೂರು ಮಡಿಕೆ ಮಾಡಿ ಇಟ್ಟೆವು. ಲೆಕ್ಕ ಬರೆದೆವು: ಪೈಪಿಗೆ 1,120 ರೂಪಾಯಿ, ಪಟ್ಟಿ ಮತ್ತು ಬೋಲ್ಟುಗಳಿಗೆ 430, ವೆಲ್ಡಿಂಗಿಗೆ 1,200, ಬಣ್ಣಕ್ಕೆ 310. ಒಟ್ಟು 3,060. ಮೊಮ್ಮಗಳು ಮೂರು ಸಲ ಕೂಡಿದಳು, ಮೂರು ಸಲವೂ ತಾಳೆಯಾಯಿತು. ನನಗೆ ಹಳೆಯ ದಿನಗಳ ಸಂಜೆ ನೆನಪಾಯಿತು. ಹತ್ತು ಪೈಸೆ ವ್ಯತ್ಯಾಸ ಬಂದರೂ ರಾತ್ರಿ ಒಂಬತ್ತರವರೆಗೆ ಲೆಡ್ಜರುಗಳ ಮುಂದೆ ಕೂತು ಹುಡುಕುತ್ತಿದ್ದೆವು. ಜೇಬಿನಿಂದ ಹತ್ತು ಪೈಸೆ ಹಾಕಿ ಮನೆಗೆ ಹೋಗಲು ನಮ್ಮ ಮ್ಯಾನೇಜರು ಬಿಡುತ್ತಿರಲಿಲ್ಲ.

ಇನ್ನು ಭಾರದ ಲೆಕ್ಕ. ಛಾವಣಿ ಎಷ್ಟು ಹೊರಬಲ್ಲದು ಎಂಬುದನ್ನು ಗಾಡಿಯ ಕೈಪಿಡಿಯಲ್ಲಿ ನೋಡಬೇಕು. ಹಲವು ಕಾರುಗಳಿಗೆ ಅದು 50ರಿಂದ 75 ಕೆಜಿ. ಸೆಕೆಂಡ್ ಹ್ಯಾಂಡ್ ಗಾಡಿಯ ಜೊತೆ ಕೈಪಿಡಿ ಬಂದಿರಲಿಲ್ಲವಾದ್ದರಿಂದ ಮಗ ಎಚ್ಚರಿಕೆಗೆ 50 ಎಂದೇ ಇಟ್ಟುಕೊಂಡ. ಕಲ್ಲುದಾರಿಯಲ್ಲಿ ಗಾಡಿ ಎಗರಿ ಬೀಳುವಾಗ ಭಾರದ ಹೊಡೆತ ಹೆಚ್ಚು, ಆದ್ದರಿಂದ ಮೂರರಲ್ಲಿ ಒಂದು ಪಾಲು ಕಳೆಯಬೇಕು ಎಂದ. ಉಳಿದದ್ದು 33 ಕೆಜಿ. ಅದರಲ್ಲಿ ಕ್ಯಾರಿಯರಿನದೇ ತೂಕ 15. ಸಾಮಾನಿಗೆ ಸಿಕ್ಕಿದ್ದು 18. ಟೆಂಟ್ 7, ಟಾರ್ಪಾಲು 3, ಚಾಪೆಗಳು 2, ಎರಡು ಕುರ್ಚಿ 5, ಒಟ್ಟು 17. ‘ಒಂದು ಕೆಜಿ ಬ್ಯಾಲೆನ್ಸ್!’ ಎಂದು ಮೊಮ್ಮಗಳು ಕೆಂಪು ಶಾಯಿಯಲ್ಲಿ ಬರೆದಳು. ನೀರು, ಒಲೆ, ಅಕ್ಕಿ, ಪಾತ್ರೆಗಳೆಲ್ಲ ಗಾಡಿಯೊಳಗೆ, ಕೆಳಗೆ. ಭಾರವಾದದ್ದು ಮೇಲಿದ್ದರೆ ಓರೆ ನೆಲದಲ್ಲಿ ಗಾಡಿ ಮಗುಚುವ ಅಪಾಯ. ಜಾತ್ರೆಯ ತೇರು ತಿರುವಿನಲ್ಲಿ ಹೇಗೆ ಓಲಾಡುತ್ತದೆ ನೋಡಿಲ್ಲವೇ?

ಮಗ ಗಾಳಿಯ ಲೆಕ್ಕವನ್ನೂ ಹೇಳಿದ. ವೇಗ ಎರಡು ಪಟ್ಟಾದರೆ ಗಾಳಿಯ ಒತ್ತಡ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. 40ರಲ್ಲಿ ಸುಮ್ಮನಿದ್ದ ಟಾರ್ಪಾಲು 80ರಲ್ಲಿ ಹಾರಿಹೋಗುವುದು ಇದಕ್ಕೇ. ಕ್ಯಾರಿಯರ್ ಇರುವಾಗ 60 ದಾಟುವುದಿಲ್ಲ ಎಂದ. ಕೊನೆಗೆ ಕ್ಯಾರಿಯರನ್ನು ಹಿಡಿದು ಜೋರಾಗಿ ಅಲ್ಲಾಡಿಸಿ ಪರೀಕ್ಷಿಸಿದೆವು. ಅದು ಮಾತ್ರ ಅಲ್ಲಾಡಿದರೆ ಸಡಿಲವೆಂದು ಅರ್ಥ. ಅದರ ಜೊತೆ ಇಡೀ ಗಾಡಿ ಅಲ್ಲಾಡಿದರೆ ಹಿಡಿತ ಸರಿಯಾಗಿದೆ. ನಮ್ಮ ಗಾಡಿ ತೊಟ್ಟಿಲಿನಂತೆ ತೂಗಿತು.

ಹೊರಡುವ ದಿನ ಬೆಳಗ್ಗೆ ಐದಕ್ಕೆ ಎಲ್ಲರಿಗಿಂತ ಮೊದಲು ಎದ್ದೆ. ಆರು ಬೋಲ್ಟುಗಳನ್ನೂ ನಾನೇ ಬಿಗಿದೆ. ಸಾಮಾನು ಕಟ್ಟಿದೆ. ಕಟ್ಟುತ್ತಿದ್ದಾಗ ನನ್ನ ಸೊಂಟ ನೆನಪಾಯಿತು. ಬರೀ ಚಾಪೆಯ ಮೇಲೆ ಮಲಗಿದರೆ ನಾಳೆ ಏಳಲಾಗುವುದಿಲ್ಲ ಎಂದುಕೊಂಡು, ಒಳಗಿನಿಂದ ದೊಡ್ಡ ಜಮಖಾನೆಯನ್ನೂ ಎರಡು ದಿಂಬನ್ನೂ ಸುತ್ತಿ ತಂದು ಮೇಲೇರಿಸಿದೆ. ಏಳು ಕೆಜಿ ಇದ್ದೀತು. ಖಾತೆಯಲ್ಲಿ ಇದ್ದದ್ದು ಒಂದು, ನಾನು ಬರೆದ ಚೆಕ್ಕು ಏಳರದು! ಯಾರಿಗೂ ಹೇಳಲಿಲ್ಲ. ನೋಟುಪುಸ್ತಕ ತೆಗೆದು ‘ಬೋಲ್ಟು ಬಿಗಿದಿದೆ, ಸಾಮಾನು ಕಟ್ಟಿದೆ’ ಎಂದು ಬರೆದು, ‘ಮಾಡಿದವರು’ ಎಂಬಲ್ಲಿ ಸಹಿ ಹಾಕಿದೆ. ಮೊಮ್ಮಗಳು ಇನ್ನೂ ಮಲಗಿದ್ದಳು. ಎಬ್ಬಿಸುವುದೇಕೆ ಎಂದು ‘ನೋಡಿದವರು’ ಎಂಬಲ್ಲೂ ನಾನೇ ಸಹಿ ಹಾಕಿಬಿಟ್ಟೆ.

ಹಾಸನದಿಂದ ಸಕಲೇಶಪುರಕ್ಕೆ ಸುಮಾರು 40 ಕಿಲೋಮೀಟರ್. ಬಾಳ್ಳುಪೇಟೆಯಲ್ಲಿ ತಿಂಡಿಗೆ ನಿಲ್ಲಿಸಿದೆವು. ಮೊಮ್ಮಗಳು ಕೈತೊಳೆದು ಬಂದವಳೇ, ‘ತಾತ, 13 ನಂಬರ್ ಸ್ಪ್ಯಾನರ್ ಕೊಡಿ. 20 ಕಿಲೋಮೀಟರ್ ಆದ್ಮೇಲೆ ಇನ್ನೊಂದ್ಸಲ ಬಿಗಿ ಮಾಡ್ಬೇಕು ಅಂತ ಬುಕ್ಕಲ್ಲಿ ಬರ್ದಿದೀವಲ್ಲ’ ಎಂದಳು.

‘ನಾನು ಕಟ್ಟಿದ್ದು ಅಷ್ಟು ಬೇಗ ಬಿಚ್ಚಿಕೊಳ್ಳೋದಿಲ್ಲ, ನಡಿ’ ಎಂದೆ.

‘ಒಂದೇ ನಿಮಿಷ ತಾತ.’

‘ಹೊತ್ತಾಗುತ್ತೆ, ಹತ್ತು ಗಾಡಿ ಅಂತ ಹೇಳ್ತಿದೀನಲ್ಲ.’ ಸ್ವರ ಸ್ವಲ್ಪ ಏರಿತ್ತು. ನಿಜ ಹೇಳಬೇಕೆಂದರೆ, ಅವಳು ಮೇಲೆ ಹತ್ತಿದರೆ ಜಮಖಾನೆ ಕಾಣುತ್ತದಲ್ಲ ಎಂಬ ಅಳುಕು ನನಗೆ. ಅವಳು ಏನೂ ಅನ್ನದೆ ಹತ್ತಿ ಕೂತಳು. ಹೆದ್ದಾರಿಯಲ್ಲಿ ನಮ್ಮ ಹಿಂದೆ ಒಂದು ಬೈಕು ಬರುತ್ತಿತ್ತು. ಅದರ ಟ್ಯಾಂಕಿನ ಮೇಲೆ ಅಪ್ಪನ ಮುಂದೆ ಒಂದು ಪುಟ್ಟ ಮಗು ಕೂತಿತ್ತು. ಮೊಮ್ಮಗಳು ಹಿಂದಿನ ಗಾಜಿನಿಂದ ಅದಕ್ಕೆ ಕೈಬೀಸಿದಳು, ಅದೂ ಬೀಸಿತು.

ಸಕಲೇಶಪುರ ದಾಟಿ ತೋಟದ ಗೇಟು ತಲುಪಿದೆವು. ಅಲ್ಲಿಂದ ಗುಡ್ಡಕ್ಕೆ ನಾಲ್ಕು ಕಿಲೋಮೀಟರ್ ಜೀಪುದಾರಿ. ಮಳೆಗಾಲ ಮುಗಿದು ಹೆಚ್ಚು ದಿನವಾಗಿರಲಿಲ್ಲ. ನೀರು ಕೊರೆದ ಕೊರಕಲು, ತಲೆ ಎತ್ತಿದ ಕಲ್ಲು. ಮಗ ನಿಧಾನವಾಗಿಯೇ ಹೋಗುತ್ತಿದ್ದ. ಒಂದು ಅಡ್ಡ ಕೊರಕಲಿನಲ್ಲಿ ಎಡಗಾಲಿ ಇಳಿದು ಏಳುವಾಗ ತಲೆಯ ಮೇಲೆ ‘ಕಿರ್‍’ ಎಂದು ಸದ್ದಾಯಿತು. ಮರುಕ್ಷಣ ‘ಧಡ್’ ಎಂದಿತು.

ಇಳಿದು ನೋಡಿದರೆ ಕ್ಯಾರಿಯರಿನ ಎಡಬದಿಯ ಹಿಂದಿನ ಎರಡು ಹಿಡಿತಗಳು ಗಟ್ಟರಿನಿಂದ ಜಾರಿ, ಇಡೀ ಚೌಕಟ್ಟು ಓರೆಯಾಗಿ ತೂಗುತ್ತಿತ್ತು. ಜಮಖಾನೆಯ ಗಂಟು ಕಾಫಿ ಗಿಡದ ಮೇಲೆ ಬಿದ್ದಿತ್ತು. ಟೆಂಟಿನ ಚೀಲ ದಾರಿಯ ನಡುವೆ ಬಿದ್ದಿತ್ತು. ಆ ಚೀಲದಿಂದ ಎರಡು ಮಾರು ದೂರದಲ್ಲಿ, ತಲೆಯ ಮೇಲೆ ಸೌದೆಹೊರೆ ಹೊತ್ತ ತೋಟದ ಹೆಂಗಸೊಬ್ಬಳು ನಿಂತಿದ್ದಳು. ನಮ್ಮ ಹಿಂದೆಯೇ ನಡೆದು ಬರುತ್ತಿದ್ದವಳು, ಚೀಲ ಬೀಳುವುದನ್ನು ಕಂಡು ಪಕ್ಕಕ್ಕೆ ಸರಿದಿದ್ದಳು.

ನನ್ನ ಕೈಕಾಲು ತಣ್ಣಗಾದವು. ಅವಳನ್ನು ನೋಡುತ್ತಿದ್ದರೂ ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ಬೈಕಿನ ಟ್ಯಾಂಕಿನ ಮೇಲೆ ಕೂತು ಕೈಬೀಸಿದ ಆ ಮಗು. ಅರ್ಧ ಗಂಟೆ ಮೊದಲು, ಹೆದ್ದಾರಿಯಲ್ಲಿ, 60ರ ವೇಗದಲ್ಲಿ ಇದು ಜಾರಿದ್ದರೆ? ಮುಂದಕ್ಕೆ ಯೋಚಿಸಲಾಗಲಿಲ್ಲ. ದಾರಿಬದಿಯ ಕಲ್ಲಿನ ಮೇಲೆ ಕೂತುಬಿಟ್ಟೆ.

ಆಕೆ ಹೊರೆ ಇಳಿಸಿ, ಕಾಫಿ ಗಿಡದ ಮೇಲಿನ ಗಂಟು ತಂದುಕೊಟ್ಟಳು. ನಾನು ಕ್ಷಮೆ ಕೇಳಿದೆ. ‘ನಂಗೇನೂ ಆಗಿಲ್ಲ ಬಿಡಿ ಯಜಮಾನ್ರೇ’ ಎಂದು ನಕ್ಕಳು. ಮಗನೂ ನಾನೂ ಸೇರಿ ಹೊರೆಯನ್ನು ಮತ್ತೆ ಅವಳ ತಲೆಗೆ ಎತ್ತಿಕೊಟ್ಟೆವು. ತಲೆಯ ಮೇಲೆ ಬಟ್ಟೆಯ ಸಿಂಬೆ. ಅವಳು ನಾಲ್ಕು ಹೆಜ್ಜೆ ನಡೆದಳು. ನಿಂತಳು. ಎರಡೂ ಕೈಯೆತ್ತಿ ಹೊರೆಯನ್ನು ಸ್ವಲ್ಪ ಎಡಕ್ಕೆ ಸರಿಸಿ, ಸಿಂಬೆಯ ಮೇಲೆ ಒತ್ತಿ ಕೂರಿಸಿಕೊಂಡಳು. ಆಮೇಲೆ ಕೈಬಿಟ್ಟು ಸರಸರನೆ ಏರುದಾರಿ ಹತ್ತಿ ಹೋದಳು.

ನನ್ನ ಅಮ್ಮ ಮಾಡುತ್ತಿದ್ದದ್ದೂ ಹಾಗೆಯೇ! ಬಾವಿಕಟ್ಟೆಯಿಂದ ಇಳಿದು ನಾಲ್ಕು ಹೆಜ್ಜೆ ನಡೆದು ನಿಲ್ಲುವಳು. ಹಿಂದೆ ಬರುತ್ತಿದ್ದ ನಾನು ಎಷ್ಟೋ ಸಲ ಅವಳಿಗೆ ಡಿಕ್ಕಿ ಹೊಡೆದು ಬೈಸಿಕೊಂಡಿದ್ದೆ. ನಿಂತು ಕೊಡವನ್ನು ಒಮ್ಮೆ ಸರಿಮಾಡಿಕೊಂಡು ಮುಂದೆ ಹೋಗುವಳು. ಬಟ್ಟೆ ಎಷ್ಟೇ ಬಿಗಿಯಾಗಿ ಸುತ್ತಿದ್ದರೂ ಭಾರ ಬಿದ್ದಮೇಲೆ ತಗ್ಗುತ್ತದೆ. ತಗ್ಗಿದ ಮೇಲೆ ಮತ್ತೆ ಕೂರಿಸಬೇಕು. ಮೊಮ್ಮಗಳಿಗೆ ನಾನು ಸಿಂಬೆಯ ಕಥೆ ಹೇಳಿದ್ದೆ, ಆದರೆ ಅರ್ಧವೇ ಹೇಳಿದ್ದೆ. ಉಳಿದರ್ಧ ಅವಳ ಪುಸ್ತಕದಲ್ಲಿತ್ತು: 20 ಕಿಲೋಮೀಟರ್ ಆದ ಮೇಲೆ ಮತ್ತೆ ಬಿಗಿ ಮಾಡುವುದು.

ಆದದ್ದೂ ಅದೇ. ಮೂರು ಮಡಿಕೆಯ ಟ್ಯೂಬು ಭಾರಕ್ಕೂ ಅದುರಿಗೂ ತಗ್ಗಿತ್ತು. ರಬ್ಬರು ತಗ್ಗಿದಷ್ಟೂ ಬೋಲ್ಟಿನ ಬಿಗಿ ಕಡಿಮೆ. ಬಿಗಿ ಕಡಿಮೆಯಾದ ನಟ್ಟು ಅದುರುತ್ತ ಅದುರುತ್ತ ತಾನೇ ತಿರುಗುತ್ತದೆ. ಅದರ ಮೇಲೆ ನನ್ನ ಜಮಖಾನೆಯ ಭಾರ. ಮಗ ಎಲ್ಲವನ್ನೂ ಗಾಡಿಯೊಳಗೆ ತುರುಕಿದ. ಕ್ಯಾರಿಯರನ್ನು ಬಿಚ್ಚಿ ದಾರಿಬದಿಯಲ್ಲಿಟ್ಟೆವು. ನಾನೂ ಮೊಮ್ಮಗಳೂ ಉಳಿದ ದಾರಿಯನ್ನು ನಡೆದೇ ಹತ್ತಿದೆವು.

ಸೊಸೆ ಆ ದಿನ ನನಗೆ ಒಂದು ಮಾತೂ ಅನ್ನಲಿಲ್ಲ. ‘ಇನ್ಮೇಲೆ ಇಂಥ ಕೆಲಸ ಎಲ್ಲ ಬೇಡ’ ಎಂದು ಮಗನಿಗೆ ಮೆಲ್ಲಗೆ ಹೇಳಿದ್ದು ಕೇಳಿಸಿತು. ಅದರಲ್ಲಿ ತಪ್ಪಿಲ್ಲ. ವಯಸ್ಸಾದವರಿಗೆ ಭಯ ಬೈಗುಳದ್ದಲ್ಲ. ‘ನೀವು ಸುಮ್ನೆ ಕೂತ್ಕೊಳ್ಳಿ’ ಎಂಬ ಮಾತಿದೆಯಲ್ಲ, ಅದರದು. ಅಂದು ಆ ಮಾತನ್ನು ನಾನೇ ಕೈಯಾರೆ ಸಂಪಾದಿಸಿದ್ದೆ.

ರಾತ್ರಿ ಟೆಂಟಿನ ಮುಂದೆ ಕೂತಾಗ ಮೊಮ್ಮಗಳನ್ನು ಕರೆದು ನೋಟುಪುಸ್ತಕ ತೆರೆಯಲು ಹೇಳಿದೆ. ಟಾರ್ಚಿನ ಬೆಳಕಿನಲ್ಲಿ ಆ ಬೆಳಗಿನ ಸಾಲನ್ನು ತೋರಿಸಿದೆ. ಎರಡೂ ಅಂಕಣದಲ್ಲಿ ನನ್ನದೇ ಸಹಿ. ‘38 ವರ್ಷದಲ್ಲಿ ಹೀಗೆ ಒಂದು ದಿನವೂ ಮಾಡಿರಲಿಲ್ಲ ಪುಟ್ಟಿ. ಬ್ಯಾಂಕಿನಲ್ಲಿ ಮಾಡಿದ್ದರೆ ನೋಟೀಸು ಬರುತ್ತಿತ್ತು. ಜಮಖಾನೆ ಇಟ್ಟಿದ್ದನ್ನೂ ನಿನ್ನಿಂದ ಮುಚ್ಚಿಟ್ಟೆ. ನೀನು ಸ್ಪ್ಯಾನರ್ ಕೇಳಿದಾಗ ಕೊಡಬೇಕಿತ್ತು. ತಪ್ಪು ನಂದು’ ಎಂದೆ. ಮೊಮ್ಮಗಳ ಮುಂದೆ ತಪ್ಪೊಪ್ಪಿಕೊಳ್ಳುವುದು ಮ್ಯಾನೇಜರ ಮುಂದೆ ಒಪ್ಪಿಕೊಳ್ಳುವುದಕ್ಕಿಂತ ಕಷ್ಟ.

ಅವಳು ಸ್ವಲ್ಪ ಹೊತ್ತು ಪುಸ್ತಕ ನೋಡುತ್ತಿದ್ದಳು. ಆಮೇಲೆ ನನ್ನ ಎರಡನೆಯ ಸಹಿಯ ಮೇಲೆ ಒಂದು ಗೀಟು ಎಳೆದು, ಪಕ್ಕದಲ್ಲಿ ‘ರದ್ದು’ ಎಂದು ಬರೆದಳು. ಆ ಪದವನ್ನು ಕಲಿಸಿದ್ದೂ ನಾನೇ.

‘ತಾತ, ನಟ್ಟು ತಿರುಗಿದ್ರೆ ನಮ್ಗೆ ಗೊತ್ತಾಗೋ ಹಾಗೆ ಏನಾದ್ರೂ ಮಾಡ್ಬೇಕು’ ಎಂದಳು.

ಮನೆಗೆ ಬಂದ ಮೇಲೆ ಮಾಡಿದೆವು. ಸೈಕಲ್ ಟ್ಯೂಬಿನ ಮಡಿಕೆ ತೆಗೆದು, ಸುಲಭವಾಗಿ ತಗ್ಗದ ಗಟ್ಟಿ ರಬ್ಬರಿನ ಒಂದೇ ತುಂಡು ಇಟ್ಟೆವು. ಸಾದಾ ನಟ್ಟಿನ ಬದಲು ಒಳಗೆ ನೈಲಾನ್ ಬಳೆ ಇರುವ ನೈಲಾಕ್ ನಟ್ಟು ಹಾಕಿದೆವು. ಅದು ಅದುರಿಗೆ ಅಷ್ಟು ಬೇಗ ತಿರುಗುವುದಿಲ್ಲ. ಇಷ್ಟನ್ನು ಭಾಯಿಯೂ ಹೇಳಿದರು. ಕೊನೆಯದು ಮಾತ್ರ ಮೊಮ್ಮಗಳದೇ ಉಪಾಯ. ಅಮ್ಮನ ಕೆಂಪು ಉಗುರುಬಣ್ಣ ತಂದು, ಬಿಗಿದ ಪ್ರತಿ ನಟ್ಟಿನ ಮೇಲಿಂದ ಕೆಳಗಿನ ಪಟ್ಟಿಯವರೆಗೆ ಒಂದು ನೇರ ಗೀಟು ಎಳೆದಳು. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೀಟು ತುಂಡಾಗಿ ಕಾಣುತ್ತದೆ. ದೊಡ್ಡ ಕಾರ್ಖಾನೆಗಳಲ್ಲೂ ಬಣ್ಣದಿಂದ ಹೀಗೆಯೇ ಗುರುತು ಮಾಡುತ್ತಾರೆಂದು ಮಗ ಹೇಳಿದಾಗ ಅವಳ ಮುಖ ನೋಡಬೇಕಿತ್ತು. ನನಗಂತೂ ಅದು ಲೆಕ್ಕಪರಿಶೋಧಕರ ಕೆಂಪು ಶಾಯಿಯ ಟಿಕ್ ಗುರುತಿನಂತೆಯೇ ಕಂಡಿತು. ಆರು ನಟ್ಟಿಗೆ ಆರು ಟಿಕ್. ಉಗುರುಬಣ್ಣದ ಶೀಶೆಯನ್ನು ಕೊಟ್ಟವಳು ಸೊಸೆಯೇ ಎಂಬುದನ್ನು ಇಲ್ಲಿ ಬರೆಯಲೇಬೇಕು. ಕೊಡುವಾಗ, ‘ಮಾವ, ಈ ಸಲ ಅವಳು ಸಹಿ ಹಾಕದೆ ಗಾಡಿ ಹೊರಡಲ್ಲ’ ಎಂದಳು. ಅದು ಅಪ್ಪಣೆಯೂ ಹೌದು, ಅನುಮತಿಯೂ ಹೌದು.

ಬೇಸಿಗೆ ರಜೆಯಲ್ಲಿ ಮತ್ತೆ ಹೊರಟೆವು. ತೋಟದಲ್ಲಿ ಹೂಮಳೆ ಬಿದ್ದು ಕಾಫಿ ಹೂ ಬಿಟ್ಟಿದೆ, ಬೇಗ ಬನ್ನಿ ಎಂದು ಬೆಳೆಗಾರರು ಫೋನ್ ಮಾಡಿದ್ದರು. ಬೆಳಗ್ಗೆ ನಾನು ಬೋಲ್ಟು ಬಿಗಿದೆ, ಮೊಮ್ಮಗಳು ಸ್ಟೂಲಿನ ಮೇಲೆ ಹತ್ತಿ ಒಂದೊಂದನ್ನೂ ಮುಟ್ಟಿ ನೋಡಿ ಸಹಿ ಹಾಕಿದಳು. ಜಮಖಾನೆ ಈ ಸಲ ಗಾಡಿಯೊಳಗೆ, ನನ್ನ ಕಾಲ ಕೆಳಗೆ. ಊರು ದಾಟಿ ಐದು ಕಿಲೋಮೀಟರ್ ಆಗಿತ್ತೋ ಇಲ್ಲವೋ, ಹಿಂದಿನ ಸೀಟಿನಿಂದ ದನಿ ಬಂತು.

‘ಅಪ್ಪಾ, ನಿಲ್ಸಿ. ನಾಲ್ಕು ಹೆಜ್ಜೆ ಆಯ್ತು.’

ಮಗ ರಸ್ತೆಯ ಪಕ್ಕಕ್ಕೆ ಗಾಡಿ ನಿಲ್ಲಿಸಿದ. ನಾನು ಜೇಬಿನಿಂದ 13 ನಂಬರ್ ಸ್ಪ್ಯಾನರ್ ತೆಗೆದು ಅವಳ ಕೈಗೆ ಕೊಟ್ಟು, ಸ್ಟೂಲು ಹಿಡಿದುಕೊಂಡು ನಿಂತೆ.